ಡೆಸ್ಕ್‌ಟಾಪ್ ಮ್ಯಾಲಿನ ಅರ್ಜಿ

ಅಕ್ಟೋಬರ್ 9, ಗುರುವಾರ

ಏಳು ಅರ್ಜಿ. ಎರಡು ರೇಷನ್ ಕಾರ್ಡಿಂದು, ಒಂದು ವಿಧವಾ ಪಗಾರಿಂದು, ಉಳಿದವು ಹೊಲದ್ದು. ಎಲ್ಲಾ ಊರ ಕಡಿ ಹೋಗೋ ಕಾಗದ. ಅಫಜಲಪುರ, ಸೇಡಂ, ಸಿಂದಗಿ. ಠಾಣೆ ಜಿಲ್ಲಾದ ಈ ಕಳವಾ ಊರಾಗ ಕನ್ನಡ ಅರ್ಜಿ ಟೈಪ್ ಮಾಡಿ ಕೊಡೋ ಅಂಗಡಿ ಇದೊಂದೇ, ಲೀಲಾಧರಣ್ಣನ ಝೆರಾಕ್ಸ್. ಟೈಪ್ ಮಾಡಾಕಿ ನಾನೊಬ್ಬಾಕಿ. ಎಂಟನೇ ಈಯತ್ತಾದಾಗ ಸಾಲಿ ಬಿಟ್ಟಾಕಿ. ಬಿ.ಕಾಂ. ಮಾಡಿದವರು ಬಂದು ಕೌಂಟರ್ ಮುಂದ ನಿಂತು "ಬಾಗಿ, ಜಲ್ದಿ ಮಾಡವಾ" ಅಂತಾರ. ನಿಲ್ಲಲಿ.

ನನ್ನ ಪದ್ಧತಿ ಒಂದೇ. ಡೆಸ್ಕ್‌ಟಾಪ್ ಮ್ಯಾಲ "ಅರ್ಜಿ" ಅಂತ ಫೈಲ್ ಅದ. ಆರು ವರ್ಷದ್ದು ಎಲ್ಲಾ ಅದರಾಗೇ, ಒಂದರ ಕೆಳಗೊಂದು. ಹೊಸ ಮಂದಿ ಬಂದ್ರ ಹಳೇದರಾಗ ಅಂಥದ್ದೇ ಒಂದು ಹುಡುಕೋದು. ಕಾಪಿ. ಹೆಸರು ಬದಲಿ, ಊರು ಬದಲಿ, ಸರ್ವೆ ನಂಬರ್ ಬದಲಿ, ಪ್ರಿಂಟ್. ಹತ್ತು ಮಿನಿಟ್. ಮೊದಲಿಂದ ಬರಿಯೋದು ದಡ್ಡರ ಕೆಲಸ.

ಟೈಮ್ ಹೋಗೋದು ಓದೋದರಾಗ. ಓದಾಕ ಬರದವರಿಗಿ ಪೂರಾ ಓದಿ ಹೇಳಬೇಕು, ಆಮ್ಯಾಲೇ ಹೆಬ್ಬಟ್ಟು. ಅಂಗಡಿ ರೂಢಿ. ಇವತ್ತೊಬ್ಬ ಮುದುಕ ನಾಕು ಸಲ ಓದಿಸಿದ. ಕಣ್ಣು ಮುಚ್ಚಿ ಕೇಳ್ತಾನ, ಭಜನಿ ಕೇಳಿದಂಗ. ಐದನೇ ಸಲಕ್ಕ "ಕಾಕಾ, ಮನಿಗಿ ಹೋಗು" ಅಂದೆ.

ಅಂಗಡಿ ಮುಚ್ಚೋ ಮುಂದ ಲೀಲಾಧರಣ್ಣ ಬಾಂಬ್ ಹಾಕಿದ.

"ಬಾಗಿ, ವಿಂಡೋಸ್ ಹತ್ತಕ್ಕೆ ಇನ್ನು ಅಪ್‌ಡೇಟ್ ಬರುದಿಲ್ಲಂತೆ. ಹದಿನಾಲ್ಕಕ್ಕೆ ಮುಗೀತದೆ. ಹನ್ನೊಂದು ಹಾಕುವ ಅಂದ್ರೆ ನಮ್ಮ ಈ ಡಬ್ಬಗಳಿಗೆ ತಾಕತ್ತಿಲ್ಲ. ಸುಶ್ರುತ ಬಂದು ಲಿನಕ್ಸ್ ಹಾಕ್ತಾನೆ. ಪುಕ್ಕಟೆ."

"ನನ್ನ ಕನ್ನಡ ಸಾಫ್ಟ್‌ವೇರ್?"

"ಅದೂ ಅದರ ಒಳಗೆ ಓಡ್ತದಂತೆ."

ಅಂತೆ.

"ಓಡದಿದ್ರ?"

ಚಾ ಗ್ಲಾಸ್ ಕೆಳಗಿಟ್ಟ. "ಓಡದಿದ್ರೆ ಎಂತ ಮಾಡುದು ಮಾರಾಯ್ತಿ. ನಿನ್ನ ಕೌಂಟರಿನ ಜಾಗದಲ್ಲಿ ಫೋಟೋ ಪ್ರಿಂಟ್ ಮೆಷೀನು ಇಡ್ಬೇಕಾಗ್ತದೆ."

ಎಷ್ಟು ಸುಲಭಾಗಿ ಅಂದ. ಛತ್ರಿ ಮರತು ಬಂದೀನಿ ಅನ್ನೋಹಾಂಗ.

ಅಕ್ಟೋಬರ್ 12, ಭಾನುವಾರ

ಸುಶ್ರುತ ಬಂದಿದ್ದ. ಲೀಲಾಧರಣ್ಣನ ಅಕ್ಕನ ಮಗ. ಸಾನಪಾಡಾದಾಗ ಇರ್ತಾನ, ಇಂಜಿನಿಯರಿಂಗ್ ಮೂರನೇ ವರ್ಷ. ಕನ್ನಡ ತಿಳೀತದ, ಬಾಯಾಗ ಬರಂಗಿಲ್ಲ. ನಾ ಕನ್ನಡದಾಗ ಬೈತೀನಿ, ಅಂವ ಹಿಂದ್ಯಾಗ ನಗತಾನ. ಪೆನ್ ಡ್ರೈವ್ ಬೆರಳಿಗಿ ಸುತ್ತಿ ತಿರುಗಿಸ್ಕೋತ ಬಂದ, ಡಾಕ್ಟರ್ ಸೂಜಿ ಹಿಡಕೊಂಡು ಬಂದಂಗ.

"ತೇರಾ ಡೇಟಾ ಕಹಾಂ ಹೈ?"

"ಡೆಸ್ಕ್‌ಟಾಪ್ ಮ್ಯಾಲ."

"ಸಬ್?"

"ಹಾಂ, ಸಬ್."

"ಏಕ್ ಬಾರ್ ಖೋಲ್ ಕೆ ದಿಖಾ. ಫಿರ್ ಫಾರ್ಮ್ಯಾಟ್ ಮಾರ್ತಾ ಹೂಂ."

"ತೆರದು ಏನು ತೋರ್ಸೋದು? ನಿನ್ನ ಕೆಲಸ ನೀ ಮಾಡು. ನನ್ನ ಫೈಲ್ ಎಲ್ಲದ ಅಂತ ನಂಗ ಕಲಸ್ಬ್ಯಾಡ."

"ದೋ ಮಿನಿಟ್ ಲಗೇಗಾ ಯಾರ್."

"ನಾ ತೋರ್ಸಂಗಿಲ್ಲ ಅಂದ್ರ ತೋರ್ಸಂಗಿಲ್ಲ."

ಹೆಗಲು ಕುಣಿಸಿದ. ಡೆಸ್ಕ್‌ಟಾಪ್ ಪೂರಾ ಪೆನ್ ಡ್ರೈವಿಗಿ ಕಾಪಿ ಮಾಡಿದ, ಡಾಕ್ಯುಮೆಂಟ್ಸ್‌ನೂ ಮಾಡಿದ. ಆಮ್ಯಾಲ ಸಿಸ್ಟಂ ಪೂರಾ ಅಳಸೋ ಬಟನ್ ಒತ್ತಿದ.

"ಟೆನ್ಷನ್ ಮತ್ ಲೇ. ಖಾಲೀ ಘರ್ ಬದಲ್ತಾ ಹೈ. ಸಾಮಾನ್ ವಹೀ."

ಮನಿ ಬದಲಿ ಮಾಡದವರ ಮಾತು. ನಾವು ಇದೇ ಕಳವಾ ಊರಾಗ ಐದು ಖೋಲಿ ಬದಲಿ ಮಾಡೀವಿ. ಪ್ರತಿ ಸಲ ಏನರೇ ಒಂದು ಒಡೀತದ.

ಅಕ್ಟೋಬರ್ 14, ಮಂಗಳವಾರ

ಸುಡಗಾಡು ಲಿನಕ್ಸ್. ಸ್ಟಾರ್ಟ್ ಬಟನ್ ಎಲ್ಲೋ, ಪ್ರಿಂಟರ್ ಎಲ್ಲೋ. ವೈನ್ ಅಂತ ಒಂದು ಹಾಕ್ಯಾನ, ಅದರೊಳಗ ನನ್ನ ಹಳೆ ಕನ್ನಡ ಸಾಫ್ಟ್‌ವೇರ್ ಓಡ್ತದಂತ. ಹೆಸರು ಕೇಳಿ ಲೀಲಾಧರಣ್ಣ ದೇವರ ಫೋಟೋ ಕಡಿ ನೋಡಿದ.

ತೆರೀತದ. ಅದೇ ಕಿಟಕಿ, ಅದೇ ಬೂದಿ ಬಣ್ಣ. ಆದ್ರ ಒತ್ತಕ್ಷರದ ಕೀ ಹೊಡದ್ರ ಕಿಟಕೀನೇ ಮುಚ್ಚತದ. ಸುಶ್ರುತ ಯಾವುದೋ ಸೆಟ್ಟಿಂಗ್ ಬಿಟ್ಟಾನ. ಮೂರು ಸಲ ಟೈಪ್ ಮಾಡಿದ್ದು ಹೋಯ್ತು. ಒತ್ತಿಲ್ಲದ ಕನ್ನಡದಾಗ ಯಾವ ಅರ್ಜಿ ಬರೀಲಿ? ಕೀಬೋರ್ಡಿಗಿ ಗುದ್ದಿದೆ. ಸ್ಪೇಸ್ ಬಾರ್ ಒಂದು ಕಡಿ ಎದ್ದದ.

ಒಳಗೊಳಗ ಖುಷೀನೂ ಆಯ್ತು. ಓಡಂಗಿಲ್ಲ ಅಂತ ಅಂದಿದ್ನಲ್ಲ.

ಅಕ್ಟೋಬರ್ 15, ಬುಧವಾರ

"ಅರ್ಜಿ" ಇಲ್ಲ.

ಐಕಾನ್ ಅದ. ಡಬಲ್ ಕ್ಲಿಕ್ ಮಾಡಿದ್ರ ಏನೂ ಇಲ್ಲ. ಪೆನ್ ಡ್ರೈವಿನಾಗ ನೋಡಿದೆ. ಅಲ್ಲೂ ಬರೇ ಐಕಾನ್. ಸುಶ್ರುತಗ ಫೋನ್ ಹಚ್ಚಿದೆ. ಸೈಜ್ ಎಷ್ಟದ ಅಂದ. ಒಂದು ಕೆಬಿ ಅಂದೆ.

ಅಂವ ಅಂದ, "ಬಾಗಿ, ಯೇ ತೋ ಶಾರ್ಟ್‌ಕಟ್ ಹೈ."

ಡೆಸ್ಕ್‌ಟಾಪ್ ಮ್ಯಾಲ ಇದ್ದದ್ದು ಬಾಗಲಾ ಅಷ್ಟೇ ಅಂತ. ಖರೇ ಫೈಲ್ ಆ ಹಳೆ ಸಾಫ್ಟ್‌ವೇರಿನ ಹೊಟ್ಟ್ಯಾಗ, ಅದರದೇ ಫೋಲ್ಡರಿನಾಗ ಇತ್ತಂತ. ಸೇವ್ ಒತ್ತಿದಾಗೆಲ್ಲ ಅಲ್ಲೇ ಹೋಗಿ ಕೂಡ್ತಿತ್ತು. ಆರು ವರ್ಷ ನಾ ಬಾಗಲಾ ಬಡದು ಮನಿ ಅನ್ಕೊಂಡೀನಿ. ಫಾರ್ಮ್ಯಾಟ್ ಆದ ಮ್ಯಾಲ ಅದರ ಮ್ಯಾಲೇ ಹೊಸಾದು ಕುಂತದ. ಬರಂಗಿಲ್ಲ.

ಲೀಲಾಧರಣ್ಣ ಕೇಳಿದ, "ಸುಶ್ರುತ ನಿನ್ನತ್ರ ಕೇಳಿರ್ಲಿಲ್ವಾ, ಫೈಲು ಎಲ್ಲುಂಟು ಅಂತ?"

"ಇಲ್ಲ" ಅಂದೆ.

ಬಾಯಿಂದ ಬಂತು. ತಿರುಗಿ ನುಂಗಾಕ ಆಗಲಿಲ್ಲ. ನುಂಗಾಕ ಮನಸ್ಸೂ ಆಗಲಿಲ್ಲ.

ಅಕ್ಟೋಬರ್ 28, ಮಂಗಳವಾರ

ದೀಪಾವಳಿ ಹೋಯ್ತು. ಇದರಾಗ ಏನೂ ಬರದಿಲ್ಲ.

ಲೀಲಾಧರಣ್ಣ ಸುಶ್ರುತಗ ಫೋನಿನಾಗ ಬೈದದ್ದು ಬಾಜು ವಡಾಪಾವ್ ಗಾಡಿತನಾ ಕೇಳಿಸಿತು. ತುಳುವಿನಾಗ ಬೈದ. ಒಂದಕ್ಷರ ತಿಳೀಲಿಲ್ಲ, ಎಲ್ಲಾ ತಿಳೀತು. ಸುಶ್ರುತ ಒಂದು ಮಾತೂ ನನ್ನ ಹೆಸರು ಹೇಳಿಲ್ಲ. ಯಾಕ ಹೇಳಿಲ್ಲ? ದೊಡ್ಡಸ್ತಿಕಿ ತೋರಸ್ತಾನ. ಅದ್ಕೇ ಇನ್ನೂ ಸಿಟ್ಟು.

ನಿನ್ನೆ ತಾನೇ ಬಂದು ಸೆಟ್ಟಿಂಗ್ ಸರಿ ಮಾಡಿ ಹೋದ. ನನ್ನ ಮಾರಿ ನೋಡಲಿಲ್ಲ. ಈಗ ಒತ್ತಕ್ಷರ ಬೀಳ್ತಾವ. ಪ್ರಿಂಟ್ ಬರ್ತದ. ಮೊದಲಿನಕಿಂತ ಜಲ್ದಿ ಚಾಲೂ ಆಗ್ತದ ಸಿಸ್ಟಂ. ಕೆಟ್ಟದ್ದು ಏನರೇ ಸಿಗ್ತದೇನಂತ ದಿನಪೂರ್ತಿ ಹುಡುಕಿದೆ. ಸಿಗಲಿಲ್ಲ. ಬೆರಳು ಮೊದಲ ಹ್ಯಾಂಗ ಓಡ್ತಿದ್ವೋ ಹಾಂಗೇ ಓಡ್ತಾವ.

ಆದ್ರ ಕಾಪಿ ಮಾಡಾಕ ಹಳೇದು ಒಂದೂ ಇಲ್ಲ. ಪ್ರತಿ ಅರ್ಜಿ "ಮಾನ್ಯರೆ" ಇಂದ ಚಾಲೂ. ಒಂದೊಂದಕ್ಕ ಮುಕ್ಕಾಲು ತಾಸು. ಮಂದಿ ಗೊಣಗ್ತಾರ. "ಸಿಸ್ಟಂ ಬದಲಿ ಮಾಡಿದ ಹುಡುಗಗ ಕೇಳ್ರಿ" ಅಂತೀನಿ. ಎಲ್ಲಾರಿಗೂ ಅದೇ ಹೇಳ್ತೀನಿ. ಹೇಳಿ ಹೇಳಿ ಖರೇನೇ ಅನಸಾಕತ್ತದ.

ನವೆಂಬರ್ 5, ಬುಧವಾರ

ಸುಲೋಚನಾಕ್ಕ ಬಂದಿದ್ಳು. ನಮ್ಮವ್ವನ ಸಂಗಾಟ ಡೊಂಬಿವಲಿ ಕಟ್ಟಡ ಸೈಟಿನಾಗ ಬುಟ್ಟಿ ಹೊರಾಕಿ. ಗಂಡ ತೀರಿ ಎರಡು ವರ್ಷ. ಮಗಳು ನಾಗವೇಣಿ, ಒಂಬತ್ತು ವರ್ಷದ್ದು, ಸಂಗಾಟೇ ಇತ್ತು. ಗ್ವಾಡಿ ಮ್ಯಾಲಿನ ಮರಾಠಿ ಬೋರ್ಡ್ ಜೋರಾಗಿ ಓದ್ಕೋತ ನಿಂತಿತ್ತು.

"ಬಾಗಿ, ಜೂನಿನಾಗ ಮಾಡಿ ಕೊಟ್ಟಿದ್ಯಲ್ಲ, ಹೊಲದ ಕಾಗದ. ಅದೊಂದು ತೆಗದು ಕೊಡು."

ಗಂಡನ ಹೆಸರಿಲೆ ಇದ್ದ ಎರಡೆಕರೆ ಈಕಿ ಹೆಸರಿಗಿ ಮಾಡ್ರಿ ಅಂತ ತಹಶೀಲ್ದಾರಗ ಕೊಟ್ಟ ಅರ್ಜಿ.

"ಎರಡು ಪ್ರಿಂಟ್ ಕೊಟ್ಟಿದ್ದೆ. ಏನು ಮಾಡಿದಿ?"

"ಒಂದು ಆಫೀಸಿನಾಗ ಕೊಟ್ಟೆ. ಇನ್ನೊಂದು ಮೈದುನ ಬಾಲಪ್ಪ ವಕೀಲರಿಗಿ ತೋರಸ್ತೀನಂತ ಇಸ್ಕೊಂಡ. ಈಗ ಅಂವನೇ ತಕರಾರು ಹಾಕ್ಯಾನ. ಹದಿನೆಂಟನೇ ತಾರೀಖಿಗಿ ವಿಚಾರಣಿ ಅದ, ಬಾ ಅಂತ ನೋಟಿಸ್ ಬಂದದ."

"ಏನಂತ ತಕರಾರು?"

ಮಗಳ ಕಡಿ ನೋಡಿದಳು. ದನಿ ಸಣ್ಣ ಮಾಡಿದಳು. "ಈಕಿ ನಮ್ಮಣ್ಣನ ಮಗಳೇ ಅಲ್ಲ ಅಂತಾನ. ಹಾಂಗಂತ ನಾನೇ ಬರದು ಕೊಟ್ಟೀನಂತ. ನಾ ಎಲ್ಲಿ ಬರೀಲಿ? ನಂಗ ಸೈ ಮಾಡಾಕ ಬರಂಗಿಲ್ಲ. ಅದ್ಕೇ ಆ ಕಾಗದ ಬೇಕು. ಅದರಾಗ ಹಾಂಗೇನಿಲ್ಲ ನೋಡ್ರಿ ಅಂತ ಸಾಹೇಬಗ ತೋರಸ್ಬೇಕು."

ಫೈಲ್ ಹೋಯ್ತು ಅಂದೆ. ಸಿಸ್ಟಂ, ಹುಡುಗ, ಅದೇ ಹಾಡು.

ಆಕಿ ಸೆರಗಿಲೆ ಮಾರಿ ಒರಸ್ಕೊಂಡಳು. "ಹೋದ್ರ ಹೋಗ್ಲಿ ಬಿಡು. ನಂಗ ಬರ್ತದ."

"ಏನು ಬರ್ತದ?"

"ಕಾಗದ. ಐದು ಸಲ ಓದಿಸಿದ್ನಲ್ಲ ನಿನ್ನ ಕಡಿಂದ. ನಾ ಹೇಳ್ತೀನಿ, ನೀ ಹೊಡಿ. ಶನಿವಾರ ಬರ್ತೀನಿ."

ನವೆಂಬರ್ 8, ಶನಿವಾರ, ಮಧ್ಯಾಹ್ನ

ಬಂದಳು. ಸ್ಟೂಲ್ ಮ್ಯಾಲ ಕುಂತಳು. ಕೈ ತೊಡಿ ಮ್ಯಾಲ ಇಟ್ಕೊಂಡು ಚಾಲೂ ಮಾಡಿದಳು.

"ಮಾನ್ಯರೆ, ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ..."

ಮನ್ಯಾಗ "ಹ್ವಾದ, ಬಂದ" ಅನ್ನಾಕಿ. ಬಾಯಾಗ ನನ್ನ ಸರಕಾರಿ ಕನ್ನಡ. ಒಂದು ಪದ ತಪ್ಪಲಿಲ್ಲ. ಸರ್ವೆ ನಂಬರ್, ಹಿಸ್ಸಾ ನಂಬರ್, ಮರಣ ಪ್ರಮಾಣ ಪತ್ರದ ನಂಬರ್, ತಾರೀಖು. ನಾ ಎಲ್ಲಿ ಉಸಿರು ತಗೊಂಡಿದ್ನೋ ಅಲ್ಲೇ ತಗೊಂಡಳು. ಝೆರಾಕ್ಸಿಗಿ ನಿಂತ ಇಬ್ಬರು ತಿರುಗಿ ನೋಡಿದ್ರು. ಲೀಲಾಧರಣ್ಣ ಪೇಪರ್ ಮಡಚಿ ಇಟ್ಟ.

ನಾ ಹೊಡಕೋತ ಹೋದೆ.

"...ಸದರಿ ಮೃತರಿಗೆ ನಾನೊಬ್ಬಳೇ ವಾರಸುದಾರಳಿದ್ದು, ನನ್ನ ಹೊರತು ಮಕ್ಕಳಾಗಲಿ ಇತರರಾಗಲಿ ಯಾರೂ ವಾರಸುದಾರರು ಇರುವುದಿಲ್ಲ."

ಬೆರಳು ಹೊಡದು ಮುಗಿಸಿದ್ವು. ಪೂರ್ಣವಿರಾಮಾನೂ ಹೊಡದ್ವು. ಆಮ್ಯಾಲ ಕಿವಿಗಿ ಬಿತ್ತು.

ಆಕಿ ಮುಂದ ಹೇಳ್ಕೋತ ಹೊಂಟಿದ್ಳು. ನಾ ನಿಲ್ಲಿಸಿದೆ. "ಅಕ್ಕಾ, ಆ ಸಾಲು ಇನ್ನೊಮ್ಮಿ ಹೇಳು."

ಹೇಳಿದಳು. ಹಾಂಗೇ.

ಇದು ಸಿಂದಗಿ ಕಡಿ ಮುದುಕಿದ್ದು. ಮೇ ತಿಂಗಳದಾಗ ಬಂದಿದ್ಳು, ಮಕ್ಕಳಿಲ್ಲದಾಕಿ. ಆಕಿ ಅರ್ಜಿ ಕಾಪಿ ಮಾಡಿ ಸುಲೋಚನಾಕ್ಕಂದು ಮಾಡಿದ್ದೆ. ಹೆಸರು ಬದಲಿ, ಊರು ಬದಲಿ, ಸರ್ವೆ ನಂಬರ್ ಬದಲಿ. ಆ ಸಾಲು ಬದಲಿ ಮಾಡಿಲ್ಲ. ಐದು ಸಲ ನಾನೇ ಓದೀನಿ. ನನ್ನ ಬಾಯಿಲೇ.

ಬಾಲಪ್ಪ ಸುಳ್ಳು ಹೇಳಿಲ್ಲ. ಕಾಗದದಾಗ ಹಾಂಗೇ ಅದ. ಆಕಿ ಹೆಬ್ಬಟ್ಟು ಅದ.

"ಯಾಕ, ಬರೋಬರಿ ಇಲ್ಲೇನು?" ಅಂದಳು.

"ಪ್ರಿಂಟರ್ ಕೈ ಕೊಟ್ಟದ. ಆಮ್ಯಾಲ ಬಾ" ಅಂದೆ.

ಪ್ರಿಂಟರ್ ಚಲೋ ಇತ್ತು.

ನವೆಂಬರ್ 9, ಭಾನುವಾರ

ಹೇಳಿಲ್ಲ.

ನವೆಂಬರ್ 11, ಮಂಗಳವಾರ

ಹೇಳಿಲ್ಲ. ಅಂಗಡ್ಯಾಗ ನಾಕು ಮಂದಿ ಸಂಗಾಟ ಜಗಳ ಮಾಡಿದೆ. ಒಬ್ಬ ಆಧಾರ್ ಝೆರಾಕ್ಸ್ ಮಸುಕಾಗ್ಯದ ಅಂದ, "ನಿನ್ನ ಮಾರೀನೇ ಹಾಂಗದ" ಅಂದೆ. ಲೀಲಾಧರಣ್ಣ ನನ್ನನ್ನ ಹಿಂದ ಸ್ಟೇಷನರಿ ಎಣಿಸಾಕ ಕೂಡಿಸಿದ.

ಒಂದು ಮಾತು ತಲ್ಯಾಗ ಕೊರೀತದ. ಫೈಲ್ ಹೋಗದೇ ಇದ್ದಿದ್ರ? ಆಕಿ ಬಂದ ದಿನಾನೇ ಕ್ಲಿಕ್, ಪ್ರಿಂಟ್, ತಗೋ ಅಂತ ಕೊಟ್ಟು ಕಳಸ್ತಿದ್ದೆ. ಓದ್ತಾನೂ ಇರಲಿಲ್ಲ. ಆಕಿ ಅದನ್ನ ಸಾಹೇಬನ ಮುಂದ ಹಿಡದು, ನೋಡ್ರಿ ಇದರಾಗ ಹಾಂಗೇನಿಲ್ಲ ಅಂತಿದ್ದಳು. ಸಾಹೇಬ ಆ ಸಾಲು ಓದಿ ಹೇಳ್ತಿದ್ದ. ಎಲ್ಲಾರ ಮುಂದ.

ಯಾರ ಮ್ಯಾಲ ಸಿಟ್ಟು ತೆಗೀಲಿ ಈಗ? ಸಿಸ್ಟಂ ಜೂನಿನಾಗ ಹಳೇದೇ ಇತ್ತು. ಎಲ್ಲಾ ನಂಗ ಬೇಕಾದಂಗೇ ಇತ್ತು.

ನವೆಂಬರ್ 12, ಬುಧವಾರ

ಅವ್ವಗ ಹೇಳಿದೆ. ಅವ್ವ ರೊಟ್ಟಿ ಬಡೀಲಾಕತ್ತಿದ್ಳು. ಕೈಗಿ ಹಿಟ್ಟು ಹತ್ತಿತ್ತು. ಅದೇ ಕೈಲೇ ಕಪಾಳಕ್ಕ ಹೊಡದಳು.

"ಆಕಿ ಕೂಸು ಬ್ಯಾರೆಯವರದು ಅಂತ ಊರೆಲ್ಲಾ ಆಡಾಕತ್ತದ. ಸೈಟಿನಾಗೂ ಬಂದು ಮುಟ್ಟ್ಯದ. ನೀ ನಾಕು ದಿನಾ ಬಾಯಿ ಹೊಲಕೊಂಡು ಕುಂತೀ?"

"ಮರತು ಉಳದದ ಅವ್ವಾ. ಬೇಕಂತ ಮಾಡಿಲ್ಲ."

"ಜೂನಿನಾಗ ಮರತಿ. ಈ ನಾಕು ದಿನಾನೂ ಮರತೇನು?"

ಅವ್ವ ಹಿಂಗ ಕೇಳ್ತಾಳಂತ ಗೊತ್ತಿತ್ತು. ಅದ್ಕೇ ಹೇಳಿರಲಿಲ್ಲ.

ಎಳಕೊಂಡೇ ಹೋದಳು. ಸುಲೋಚನಾಕ್ಕನ ಖೋಲಿ ಎರಡು ಗಲ್ಲಿ ಆಚೀಕ. ನಾಗವೇಣಿನ್ನ ನೀರು ತರಾಕ ಕಳಿಸಿ, ನಿಂತಕೊಂಡೇ ಹೇಳಿದೆ. ಪೂರಾ ಹೇಳಿದೆ. ಮುದುಕಿ, ಕಾಪಿ, ಸಾಲು.

ಆಕಿಗಿ ಮೊದಲು ತಿಳೀಲಿಲ್ಲ. "ಆ ಸಾಲಿಗಿ ಏನಂತ ಅರ್ಥ?"

"ನಿನಗ ಮಕ್ಕಳಿಲ್ಲ ಅಂತ."

ನೆಲಾ ನೋಡ್ಕೋತ ಕುಂತಳು. ನಂಗ ಸಿಟ್ಟು ಬಂತು, ಖರೇನೇ, ಆಕಿ ಮ್ಯಾಲೇ ಬಂತು. ಅಂದೇಬಿಟ್ಟೆ. "ಐದು ಸಲ ಕೇಳಿದ್ಯಲ್ಲ ಅಕ್ಕಾ. ಒಮ್ಮೆರೆ ಇದೇನಂತ ಕೇಳಬಾರದಾಗಿತ್ತೇನು?"

"ಕೇಳಿದ್ದೆ." ತಲಿ ಎತ್ತಲಿಲ್ಲ. "ವಾರಸುದಾರ ಅಂದ್ರ ಏನವಾ ಅಂತ ಕೇಳಿದ್ದೆ. ಅದು ಕಾಗದದ ಮಾತು, ನಿನಗ ತಿಳಿಯಂಗಿಲ್ಲ, ಸುಮ್ನ ಕುಂದ್ರು ಅಂದಿ."

ನೆನಪಿಲ್ಲ ನಂಗ. ಆದ್ರ ಅಂದಿರ್ತೀನಿ. ದಿನಾ ಹತ್ತು ಮಂದಿಗಿ ಅಂತೀನಿ.

"ಸುಮ್ನ ಕುಂತೆ" ಅಂದಳು. "ಕಲತಾಕಿ ಹೇಳ್ತಾಳ ಅಂತ. ಮರೀಬಾರದಂತ ಬಾಯಿಪಾಠ ಮಾಡಿದೆ. ಮಲ್ಕೊಳೋ ಮುಂದ ಒಮ್ಮೊಮ್ಮಿ ಹೇಳ್ಕೋತಿದ್ದೆ. ಈ ಕೂಸು ಬಾಜುಕ ಮಲಗಿರ್ತಿತ್ತು."

ಅವ್ವ ಅಳಾಕತ್ತಿದ್ಳು. ಸುಲೋಚನಾಕ್ಕ ಅಳಲಿಲ್ಲ. ಎದ್ದಳು, ಕೊಡ ಸರಿಸಿ ಇಟ್ಟಳು.

"ಹದಿನೆಂಟಕ್ಕ ನೀ ಬಾ ನನ್ನ ಸಂಗಾಟ. ಸಾಹೇಬನ ಮುಂದ ಹೇಳು, ಅದು ನಂದಲ್ಲ ಅಂತ. ನಾ ಹೇಳಿದ್ರ ಕೇಳಂಗಿಲ್ಲ. ಬರದಾಕಿ ಹೇಳಬೇಕು."

ನವೆಂಬರ್ 14, ಶುಕ್ರವಾರ

ಮೂರು ದಿನ ರಜಾ ಕೇಳಿದೆ. ಲೀಲಾಧರಣ್ಣ ಯಾಕ ಅಂದ. ಹೇಳಿದೆ. ಒಂದು ಹೇಳಾಕ ಹೋಗಿ ಇನ್ನೊಂದೂ ಹೊರಗ ಬಂತು. ಸುಶ್ರುತ ಕೇಳಿದ್ದ, ಖೋಲ್ ಕೆ ದಿಖಾ ಅಂದಿದ್ದ, ಎರಡೇ ಮಿನಿಟ್ ಅಂದಿದ್ದ, ನಾನೇ ತೋರಸಲಿಲ್ಲ ಅಂತ.

ಕನ್ನಡಕ ತೆಗದ. ಒರಸಿದ. ಹಾಕ್ಕೊಂಡ.

"ಆ ಹುಡುಗನಿಗೆ ನಾನು ಎಂತೆಲ್ಲ ಹೇಳಿದೆ ಗೊತ್ತುಂಟಾ ನಿಂಗೆ? ಅವನ ಅಮ್ಮ ನನ್ನತ್ರ ಮಾತು ಬಿಟ್ಟಿದ್ದಾಳೆ."

"ಗೊತ್ತು."

"ಗೊತ್ತುಂಟು, ಆದ್ರೂ ಕೂತಿದ್ದಿ."

ಹೊರಗ ಲೋಕಲ್ ಗಾಡಿ ಹೋಯ್ತು, ಅದರ ಸಪ್ಪಳ ಮುಗದ ಮ್ಯಾಲ ಅಂವ ಅಂದ.

"ಹೋಗು. ಆ ಹೆಂಗಸಿನ ಕೆಲಸ ಮೊದ್ಲು. ಆದ್ರೆ ವಾಪಸ್ ಬಂದಾಗ ಈ ಕುರ್ಚಿ ಇರ್ತದೆ ಅಂತ ನಾನು ಹೇಳುದಿಲ್ಲ. ಯೋಚನೆ ಮಾಡ್ಬೇಕು. ಸಿಸ್ಟಂ ಕೆಟ್ರೆ ರಿಪೇರಿ ಮಾಡ್ಲಿಕ್ಕಾಗ್ತದೆ."

ಪೂರಾ ಮಾಡಲಿಲ್ಲ ಮಾತು. ಆಮ್ಯಾಲ ಹಿಂದಿಂದ ಕರದ. "ಬಾಗಿ. ಬಾಯಲ್ಲಿ ಹೇಳಿದ್ರೆ ತಾಲೂಕಾಫೀಸಿನಲ್ಲಿ ಗಾಳಿಗೆ ಹೋಗ್ತದೆ. ಬರೆದು ಕೊಡು. ಟೈಪ್ ಬೇಡ. ಕೈಯಲ್ಲಿ ಬರೆದು ಸಹಿ ಹಾಕು."

ಸುಶ್ರುತಗ ಫೋನ್ ಮಾಡಿದೆ. ತಪ್ಪಾಯ್ತು ಅಂದೆ. ಇಷ್ಟೇ ಅಂದೆ. ಅಂವ ಕೇಳಿದ.

"ಮಾಮಾ ಕೋ ಬತಾಯಾ?"

"ಹೂಂ, ಹೇಳೀನಿ."

"ಠೀಕ್ ಹೈ" ಅಂದ. ಫೋನ್ ಇಟ್ಟ. ಒಂದು ಮಾತು ಬೈದಿದ್ರ ಚಲೋ ಆಗ್ತಿತ್ತು.

ನವೆಂಬರ್ 17, ಸೋಮವಾರ, ಬೆಳಿಗ್ಗಿ 9.20, ಕಲ್ಯಾಣ ಸ್ಟೇಷನ್

ಗಾಡಿ ನಲವತ್ತು ಮಿನಿಟ್ ಲೇಟ್. ಸುಲೋಚನಾಕ್ಕ ಗಂಟಿನ ಮ್ಯಾಲ ಕುಂತಾಳ. ನಾಗವೇಣಿನ್ನ ಸಾಲಿ ಬಿಡಿಸಿ ಕರಕೊಂಡು ಬಂದಾಳ, ಸಾಹೇಬ ಮಾರಿ ನೋಡಲಿ ಅಂತ. ಕೂಸು ಬಿಸ್ಕೀಟ್ ತಿನ್ನಾಕತ್ತದ. ನಂಗೊಂದು ಕೊಟ್ಟಿತು. ಯಾಕ ಹೊಂಟೀವಿ ಅಂತ ಅದಕ್ಕ ಯಾರೂ ಹೇಳಿಲ್ಲ.

ಕೈಲೇ ಬರಿಯೋದು ತ್ರಾಸ. ಮೂರು ಹಾಳಿ ಹರದೀನಿ. ಮೊದಲು ಇಲ್ಲಿ ಬರೀತೀನಿ, ಸರಿ ಆದ್ರ ಅದರಾಗ ಇಳಸ್ತೀನಿ.

ಮಾನ್ಯರೆ, ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ

ಅಲ್ಲ. ಇದೇ ಬ್ಯಾಡ.

ಸಾಹೇಬ್ರ, ನಾನು ಬಾಗಮ್ಮ, ವಯಸ್ಸು ಇಪ್ಪತ್ತು, ಠಾಣೆ ಜಿಲ್ಲಾ ಕಳವಾ ಊರಾಗ ಅರ್ಜಿ ಟೈಪ್ ಮಾಡ್ತೀನಿ. ಸುಲೋಚನಾ ಇವರ ಅರ್ಜಿ ಮಾಡಿದಾಕಿ ನಾನು. ಅದರಾಗ ಮಕ್ಕಳಿಲ್ಲ ಅನ್ನೋ ಸಾಲು ಅದ. ಅದು ಅವರು ಹೇಳಿದ್ದಲ್ಲ. ಬ್ಯಾರೆಯವರ ಅರ್ಜಿದು. ನಾನು ಅಳಸ್ಬೇಕಾಗಿತ್ತು, ಅಳಸಿಲ್ಲ. ಅವರಿಗಿ ಓದಾಕ ಬರಂಗಿಲ್ಲ. ಅವರು ಅದೇನಂತ ಕೇಳಿದ್ರು. ನಾನು ಹೇಳಲಿಲ್ಲ. ಯಾಕಂದ್ರ ಕಾಗದದ ಮಾತು ಅವರಿಗಿ ತಿಳಿಯಂಗಿಲ್ಲ ಅಂತ ನಾನೇ ಅನ್ಕೊಂಡೆ.